ಮರಳಿ ಬಂದ ತಂಡಗಳ ಆಲ್ಬಂ: ರಜೆಯ ಉಡುಗೊರೆಗೆ ಯಾವುದು, ಯಾರಿಗೆ?

ವರ್ಷದ ಕೊನೆಯ ರಜೆ, ಹೊಸ ವರ್ಷ ಮತ್ತು ಸಂಕ್ರಾಂತಿಗೆ ಕೊಡಬಹುದಾದ ಉಡುಗೊರೆಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೇಳಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕೇಳಿದ್ದವು. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಮತ್ತೆ ಹೊಸ ಹಾಡುಗಳೊಂದಿಗೆ ಬಂದ ಸಂಗೀತ ತಂಡಗಳ ಆಲ್ಬಂಗಳನ್ನು ಮನೆಯವರಿಗೆ, ಸ್ನೇಹಿತರಿಗೆ ಕೊಟ್ಟರೆ ಚೆನ್ನಾಗಿರುತ್ತದೆಯೇ ಎಂಬುದೇ ಆ ವಿಷಯ. ನಾನು ಬಹಳ ವರ್ಷಗಳಿಂದ ಪ್ರೀತಿಯಿಟ್ಟುಕೊಂಡು ಬಂದಿರುವ ಸಂಗತಿ ಇದಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1979ರಲ್ಲಿ ದಾವಣಗೆರೆಯ ಬಿ.ಡಿ.ಟಿ. ಕಾಲೇಜಿಗೆ ಸೇರಿದವರು. ಹಾಸ್ಟೆಲಿನಲ್ಲಿ ಕೇಳುತ್ತಿದ್ದ ‘ಅಬ್ಬಾ’ ತಂಡದ ಕ್ಯಾಸೆಟ್‌ಗಳು ಇವತ್ತಿಗೂ ಅವರ ಕಪಾಟಿನಲ್ಲಿವೆ, ಟೇಪ್‌ರೆಕಾರ್ಡರ್ ಮಾತ್ರ ಕೆಟ್ಟು ಕೂತಿದೆ. ರಜೆಗೆ ಊರಿಗೆ ಬರುವಾಗ ಆ ತಂಡದ ಹೊಸ ಆಲ್ಬಂ ತರಲೇ, ಇಲ್ಲವೇ ಹಳೆಯ ಹಾಡುಗಳ ಸಂಗ್ರಹ ತರಲೇ?
– ವಿದ್ಯಾನಗರದ ಓದುಗರು, ದಾವಣಗೆರೆ

ಉತ್ತರ: ಹೊಸದನ್ನೇ ತನ್ನಿ. ಸಂಗ್ರಹದಲ್ಲಿರುವ ಹಾಡುಗಳೆಲ್ಲ ನಿಮ್ಮ ತಂದೆಯವರಿಗೆ ಬಾಯಿಪಾಠವಾಗಿರುತ್ತವೆ. ಅವರು ಇನ್ನೂ ಕೇಳದೆ ಇರಬಹುದಾದದ್ದು 2021ರ ನವೆಂಬರ್ 5ರಂದು ಬಂದ ‘ವಾಯೇಜ್’. ಸ್ವೀಡನ್ನಿನ ಈ ನಾಲ್ವರು 1974ರಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯನ್ನು ಗೆದ್ದು ಜಗತ್ತಿಗೆ ಪರಿಚಿತರಾದರು. 1981ರ ನವೆಂಬರಿನಲ್ಲಿ ‘ದಿ ವಿಸಿಟರ್ಸ್’ ಎಂಬ ಆಲ್ಬಂ ತಂದರು. ಅಷ್ಟು ಹೊತ್ತಿಗೆ ತಂಡದೊಳಗಿನ ಎರಡೂ ದಾಂಪತ್ಯಗಳು ಮುರಿದಿದ್ದವು. ಮರುವರ್ಷ ಕಳೆಯುವುದರೊಳಗೆ ತಂಡವೂ ಮೌನವಾಯಿತು. ಆ ಮೌನ ಹೆಚ್ಚುಕಡಿಮೆ ನಲವತ್ತು ವರ್ಷ ನಡೆಯಿತು. ಅದರ ಆರಂಭದಲ್ಲಿ ಹಾಸ್ಟೆಲಿನ ಹುಡುಗನಾಗಿದ್ದ ನಿಮ್ಮ ತಂದೆಯವರು ಅದು ಮುಗಿಯುವಷ್ಟರಲ್ಲಿ ನೌಕರಿ ಮಾಡಿ, ಮನೆ ಕಟ್ಟಿ, ಮಕ್ಕಳನ್ನು ಓದಿಸಿ ಮುಗಿಸಿದ್ದರು. ಈ ಉಡುಗೊರೆಗೆ ತೂಕ ಬರುವುದು ಆ ನಲವತ್ತು ವರ್ಷಗಳಿಂದಲೇ. ಬೇರೆ ಯಾವ ಹೊಸ ಆಲ್ಬಮ್ಮಿಗೂ, ಅದು ಎಷ್ಟೇ ಚೆನ್ನಾಗಿದ್ದರೂ, ಆ ತೂಕ ಇರಲಾರದು.

ಕೇಳಿಸುವ ಕ್ರಮದ ಬಗ್ಗೆ ಒಂದು ಸಲಹೆಯಿದೆ. ಮೊದಲಿಗೆ ‘ಐ ಸ್ಟಿಲ್ ಹ್ಯಾವ್ ಫೇತ್ ಇನ್ ಯೂ’ ಹಾಡನ್ನು ಹಾಕಿ. ಎಪ್ಪತ್ತರ ಆಸುಪಾಸಿನ ಇಬ್ಬರು ಹೆಣ್ಣುಮಕ್ಕಳ ದನಿ ಅದರಲ್ಲಿದೆ. ದನಿ ತಗ್ಗಿದೆ, ಸ್ವಲ್ಪ ಗಡುಸಾಗಿದೆ, ಮೇಲಿನ ಸ್ವರಗಳಿಗೆ ಹಿಂದಿನಂತೆ ಜಿಗಿಯುವುದಿಲ್ಲ, ಆದರೆ ಇಬ್ಬರೂ ಸೇರಿ ಹಾಡುವಾಗ ಹುಟ್ಟುವ ಆ ಹೊಳಪು ಹಾಗೆಯೇ ಇದೆ. ಅದು ಮುಗಿದ ಮೇಲೆ ‘ಜಸ್ಟ್ ಎ ನೋಷನ್’ ಹಾಕಿ. ಅದರ ಗಾಯನ 1978ರಲ್ಲಿ ಮುದ್ರಿಸಿ ಹಾಗೆಯೇ ಇಟ್ಟಿದ್ದು. ಹಿಂದಿನ ವಾದ್ಯಗಳನ್ನು ಮಾತ್ರ ಹೊಸದಾಗಿ ನುಡಿಸಿ ಸೇರಿಸಿದ್ದಾರೆ. ಒಂದೇ ಆಲ್ಬಮ್ಮಿನಲ್ಲಿ ಅಂದಿನ ದನಿಯೂ ಇಂದಿನ ದನಿಯೂ ಅಕ್ಕಪಕ್ಕದಲ್ಲಿ ಕೂತಿವೆ. ನಾನು ಇದನ್ನು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಕಾಫಿ ಆರಿ ಹೋದದ್ದು ಗೊತ್ತಾಗಲಿಲ್ಲ. ರಜೆಯ ದಿನಗಳಿಗೆ ಒಪ್ಪುವಂತೆ ಕ್ರಿಸ್‌ಮಸ್ ಬೆಳಗಿನ ಕುರಿತ ‘ಲಿಟಲ್ ಥಿಂಗ್ಸ್’ ಎಂಬ ಸಣ್ಣ ಹಾಡೂ ಇದೆ.

ಈ ಆಲ್ಬಂ ಸಿ.ಡಿ. ಮತ್ತು ಎಲ್.ಪಿ.ಯ (ಮುಳ್ಳಿನಿಂದ ನುಡಿಸುವ ದೊಡ್ಡ ತಟ್ಟೆ) ಜೊತೆಗೆ ಕ್ಯಾಸೆಟ್ ರೂಪದಲ್ಲಿಯೂ ಬಂದಿದೆ. ಸಿಕ್ಕರೆ ಅದನ್ನೇ ತರಿಸಿ, ಟೇಪ್‌ರೆಕಾರ್ಡರನ್ನು ಗೊತ್ತಿಲ್ಲದಂತೆ ರಿಪೇರಿಗೆ ಕೊಡಿ. ಮೋಟಾರು ತಿರುಗುವ ಸದ್ದು ಬಂದು ಟೇಪು ಮಾತ್ರ ಓಡದಿದ್ದರೆ ಹೆಚ್ಚಿನ ಸಲ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಅಂಟಾಗಿರುತ್ತದೆ. ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಕಪಾಟಿನ ಹಳೆಯ ಕ್ಯಾಸೆಟ್‌ಗಳನ್ನು ಯಂತ್ರಕ್ಕೆ ಹಾಕುವ ಮೊದಲು ಪೆನ್ಸಿಲ್ ತೂರಿಸಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸುತ್ತಿರಿ. ವರ್ಷಗಟ್ಟಲೆ ಅಲುಗಾಡದ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಹಾಗೆಯೇ ಓಡಿಸಿದರೆ ಯಂತ್ರ ಅದನ್ನು ಎಳೆದು ತುಂಡರಿಸಬಹುದು.

ಪ್ರಶ್ನೆ: ನಮ್ಮ ಸೋದರಮಾವ ಮನೆಯ ಪ್ರತಿ ಸಮಾರಂಭದಲ್ಲಿಯೂ ಗಿಟಾರ್ ಹಿಡಿದು ‘ಹೋಟೆಲ್ ಕ್ಯಾಲಿಫೋರ್ನಿಯಾ’ ನುಡಿಸುತ್ತಾರೆ. ‘ಈಗಲ್ಸ್’ ತಂಡ 2007ರಲ್ಲಿ ಬಹಳ ವರ್ಷಗಳ ನಂತರ ಹೊಸ ಆಲ್ಬಂ ತಂದಿತೆಂದು ಓದಿದ್ದೇನೆ. ಅದನ್ನು ಕೊಡಬಹುದೇ?
– ಓದುಗರೊಬ್ಬರು, ಹರಿಹರ

ಉತ್ತರ: ನಿಮ್ಮ ಮಾವನವರಿಗೆ ಅದಕ್ಕಿಂತ ಹಿಂದಿನದು ಹೆಚ್ಚು ಹೊಂದುತ್ತದೆ. ಈಗಲ್ಸ್ ತಂಡ ಎರಡು ಸಲ ಮರಳಿ ಬಂದಿದೆ ಎನ್ನಬೇಕು. 1980ರಲ್ಲಿ ಜಗಳವಾಡಿ ಬೇರೆಯಾದಾಗ, ಮತ್ತೆ ಯಾವಾಗ ಸೇರುತ್ತೀರಿ ಎಂದು ಕೇಳಿದವರಿಗೆ ತಂಡದ ಗಾಯಕ ಡಾನ್ ಹೆನ್ಲಿ ‘ನರಕ ಹೆಪ್ಪುಗಟ್ಟಿದಾಗ’ ಎಂಬ ಅರ್ಥದ ಉತ್ತರ ಕೊಟ್ಟಿದ್ದರು. ಹದಿನಾಲ್ಕು ವರ್ಷದ ನಂತರ, 1994ರಲ್ಲಿ, ಒಂದಾದಾಗ ಆ ಮಾತನ್ನೇ ಆಲ್ಬಮ್ಮಿನ ಹೆಸರಾಗಿ ಇಟ್ಟುಕೊಂಡರು: ‘ಹೆಲ್ ಫ್ರೀಝಸ್ ಓವರ್’. ಅದರಲ್ಲಿ ಹೊಸ ಹಾಡುಗಳು ನಾಲ್ಕೇ. ಉಳಿದ ಹನ್ನೊಂದು ಕೇಳುಗರ ಎದುರಿಗೆ ನುಡಿಸಿದವು. 2007ರ ‘ಲಾಂಗ್ ರೋಡ್ ಔಟ್ ಆಫ್ ಈಡನ್’ ಪೂರ್ತಿ ಹೊಸ ಹಾಡುಗಳ ಎರಡು ಡಿಸ್ಕ್‌ಗಳ ಆಲ್ಬಂ. 1979ರ ನಂತರ ಅವರು ಸ್ಟುಡಿಯೋದಲ್ಲಿ ಕೂತು ಮಾಡಿದ ಮೊದಲ ಪೂರ್ಣ ಆಲ್ಬಂ ಅದೇ.

ನಾನು 1994ರದನ್ನು ಹೇಳಲು ಕಾರಣವಿದೆ. ಗಿಟಾರ್ ನುಡಿಸುವವರು ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ಪ್ರೀತಿಸುವುದು ಅದರ ಕೊನೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಷ್ ಇಬ್ಬರ ಗಿಟಾರುಗಳು ಜುಗಲ್‌ಬಂದಿಯಂತೆ ಹೆಣೆದುಕೊಂಡು ಇಳಿಯುವ ಭಾಗಕ್ಕಾಗಿ. ಫೆಲ್ಡರ್ ಅವರನ್ನು 2001ರಲ್ಲಿ ತಂಡದಿಂದ ಹೊರಗೆ ಕಳುಹಿಸಲಾಯಿತು, ಹಾಗಾಗಿ 2007ರ ಆಲ್ಬಮ್ಮಿನಲ್ಲಿ ಅವರ ಕೈ ಇಲ್ಲ. 1994ರ ಆಲ್ಬಮ್ಮಿನಲ್ಲಿ ಅದೇ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡನ್ನು ವಿದ್ಯುತ್ ಗಿಟಾರುಗಳನ್ನು ಪಕ್ಕಕ್ಕಿಟ್ಟು, ನೈಲಾನ್ ತಂತಿಯ ಗಿಟಾರಿನಲ್ಲಿ, ಹೊಸದೊಂದು ಪೀಠಿಕೆಯೊಂದಿಗೆ ನುಡಿಸಿದ್ದಾರೆ. ನೀವೂ ಅದನ್ನು ಕೇಳಿರುತ್ತೀರಿ: ಸ್ಪೀಕರ್ ಕೊಳ್ಳಲು ಹೋದಾಗ ಅಂಗಡಿಯವರು ದನಿಯ ಗುಣ ತೋರಿಸಲು ಹಾಕುತ್ತಿದ್ದದ್ದು ಬಹುಮಟ್ಟಿಗೆ ಅದೇ. ತಂತಿಯ ಮೇಲೆ ಬೆರಳು ಜಾರುವ ಸದ್ದು, ನಂತರ ದುಮ್ಮೆಂದು ಎದೆಗೆ ತಾಗುವ ಚರ್ಮವಾದ್ಯ, ಗುರುತು ಹಿಡಿದ ಕೂಡಲೇ ಕೇಳುಗರ ಕೂಗು. ಮುಂದಿನ ಸಮಾರಂಭದಲ್ಲಿ ಮಾವನವರು ಪೀಠಿಕೆ ಬದಲಾಯಿಸಿ ನುಡಿಸುವುದನ್ನು ನೀವು ಕಾಣುತ್ತೀರಿ.

ಪ್ರಶ್ನೆ: ನನ್ನ ಸ್ನೇಹಿತನೊಬ್ಬನ ಅಣ್ಣ ಶ್ರಾವಣದಲ್ಲಿ ತೀರಿಕೊಂಡರು. ಸ್ನೇಹಿತನಿಗೆ ‘ದಿ ಕ್ಯೂರ್’ ತಂಡವೆಂದರೆ ಪ್ರಾಣ. ಅವರ ಇತ್ತೀಚಿನ ಆಲ್ಬಮ್ಮನ್ನು ಹೊಸ ವರ್ಷಕ್ಕೆ ಕೊಡೋಣವೆಂದುಕೊಂಡೆ. ಆದರೆ ಅದರಲ್ಲಿ ಸಾವಿನ ಹಾಡುಗಳೇ ಹೆಚ್ಚೆಂದು ತಿಳಿದು ಹಿಂಜರಿಯುತ್ತಿದ್ದೇನೆ.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಹಿಂಜರಿಕೆ ಸರಿಯಾದದ್ದೇ. ಆದರೂ ಕೊಡಿ ಎನ್ನುತ್ತೇನೆ, ಯಾವಾಗ ಮತ್ತು ಹೇಗೆ ಎಂಬುದನ್ನು ಮಾತ್ರ ಯೋಚಿಸಿ.

ನೀವು ಹೇಳುತ್ತಿರುವುದು 2024ರ ನವೆಂಬರ್ 1ರಂದು ಬಂದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’. 2008ರ ನಂತರ ಹದಿನಾರು ವರ್ಷ ಆ ತಂಡದಿಂದ ಹೊಸ ಆಲ್ಬಂ ಇರಲಿಲ್ಲ. ವೇದಿಕೆಯ ಮೇಲೆ ಹಾಡುತ್ತಲೇ ಇದ್ದರು, ಹೊಸದೇನೂ ಹೊರಬರಲಿಲ್ಲ. ಆ ವರ್ಷಗಳಲ್ಲಿ ಗಾಯಕ ರಾಬರ್ಟ್ ಸ್ಮಿತ್ ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡರು. ಎಂಟೇ ಹಾಡುಗಳಿರುವ ಈ ಆಲ್ಬಮ್ಮಿನ ‘ಐ ಕೆನ್ ನೆವರ್ ಸೇ ಗುಡ್‌ಬೈ’ ಎಂಬುದು ಅಣ್ಣ ರಿಚರ್ಡ್ ಅವರ ಸಾವಿನ ಕುರಿತೇ ಇದೆ. ನಿಮ್ಮ ಸ್ನೇಹಿತನ ನೋವಿಗೆ ಇದು ಎಷ್ಟು ಹತ್ತಿರವಿದೆಯೆಂಬುದು ನಿಮಗೆ ಈಗ ಗೊತ್ತಾಗಿರಬೇಕು; ಅಷ್ಟು ಹತ್ತಿರದ್ದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಹೊಸ ವರ್ಷದ ಶುಭಾಶಯದ ಜೊತೆ ಕೊಡಬಾರದು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ಊರೆಲ್ಲ ಸಡಗರದಲ್ಲಿರುವಾಗ ಆ ಮನೆಯ ಬಾಗಿಲಿಗೆ ತೋರಣವಿರುವುದಿಲ್ಲ, ಒಲೆಯ ಮೇಲೆ ಹೋಳಿಗೆ ಇರುವುದಿಲ್ಲ. ಬಂಧುಗಳು ಹಬ್ಬ ಕಳೆದ ಮೇಲೆ ಬಂದು ಮಾತಾಡಿಸಿ ಹೋಗುತ್ತಾರೆ. ನೀವೂ ಅದನ್ನೇ ಪಾಲಿಸಿ. ರಜೆಯ ಗದ್ದಲ ಕಳೆದ ಮೇಲೆ, ಜನವರಿಯ ಒಂದು ಸಾಮಾನ್ಯ ದಿನ ಹೋಗಿ, ‘ಮನಸ್ಸಾದಾಗ ಕೇಳು’ ಎಂದಷ್ಟೇ ಹೇಳಿ ಕೊಟ್ಟು ಬನ್ನಿ. ಕೇಳಿದೆಯಾ ಎಂದು ಮತ್ತೆ ವಿಚಾರಿಸಬೇಡಿ.

ನನ್ನ ಅಕ್ಕ ತೀರಿಕೊಂಡ ವರ್ಷ ಸ್ನೇಹಿತರೊಬ್ಬರು ಹೀಗೆಯೇ ಒಂದು ಕ್ಯಾಸೆಟ್ಟನ್ನು ನಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗಿದ್ದರು. ನಾಲ್ಕು ತಿಂಗಳು ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಲಿಲ್ಲ. ಪ್ರತಿದಿನ ಬಾಗಿಲು ತೆರೆಯುವಾಗ ಅದು ಅಲ್ಲಿದೆ ಎಂದು ನೋಡುತ್ತಿದ್ದೆ, ಅಷ್ಟೇ. ಒಂದು ಸಂಜೆ ಕರೆಂಟು ಹೋಗಿದ್ದಾಗ ಸೆಲ್ ಹಾಕಿದ ಟೇಪ್‌ರೆಕಾರ್ಡರಿನಲ್ಲಿ ಹಾಕಿದೆ. ಅಕ್ಕ ಹೋದ ಮೇಲೆ ನಾನು ಅತ್ತಿದ್ದು ಆ ದಿನವೇ ಮೊದಲು. ಕ್ಯೂರ್‌ನ ಈ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ವಾದ್ಯಗಳು ಮಾತ್ರ ಇವೆ, ಗಾಯಕ ಬಾಯಿ ತೆರೆಯುವುದೇ ಇಲ್ಲ. ದುಃಖದಲ್ಲಿರುವವರ ಪಕ್ಕದಲ್ಲಿ ಸುಮ್ಮನೆ ಕೂತು, ಆಮೇಲೆ ಮಾತು ತೆಗೆಯುವ ಹಿರಿಯರಂತೆ ಅದು ನನಗೆ ಕೇಳಿಸಿತು.

ಪ್ರಶ್ನೆ: ಮರಳಿ ಬಂದ ತಂಡದ ಆಲ್ಬಂ ಹಳೆಯದರಂತೆ ಇಲ್ಲದಿದ್ದರೆ ಪಡೆದವರಿಗೆ ನಿರಾಸೆಯಾಗುವುದಿಲ್ಲವೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಆಗಬಹುದು. ‘ಗನ್ಸ್ ಎನ್ ರೋಸಸ್’ ತಂಡದ ‘ಚೈನೀಸ್ ಡೆಮಾಕ್ರಸಿ’ಗೆ ಅಭಿಮಾನಿಗಳು ವರ್ಷಗಟ್ಟಲೆ ಕಾದರು. 2008ರಲ್ಲಿ ಅದು ಕೊನೆಗೂ ಬಂದಾಗ ಮೊದಲಿನ ಐವರಲ್ಲಿ ಗಾಯಕ ಆ್ಯಕ್ಸಲ್ ರೋಸ್ ಒಬ್ಬರೇ ಉಳಿದಿದ್ದರು. ಸ್ಲ್ಯಾಷ್ ಅವರ ಗಿಟಾರಿಗಾಗಿ ಆ ತಂಡವನ್ನು ಮೆಚ್ಚಿದವರಿಗೆ ಅದನ್ನು ಕೊಡಬೇಡಿ. ‘ಪೋರ್ಟಿಸ್‌ಹೆಡ್’ ಹನ್ನೊಂದು ವರ್ಷದ ನಂತರ, ಅದೇ 2008ರಲ್ಲಿ, ತಂದ ‘ಥರ್ಡ್’ ಹಳೆಯದರಂತೆ ಇಲ್ಲವೇ ಇಲ್ಲ. ಆದರೂ ನನ್ನ ಮಟ್ಟಿಗೆ ಅದು ಅವರ ಅತ್ಯುತ್ತಮ ಕೆಲಸ. ‘ಸ್ಟೀಲಿ ಡಾನ್’ 1980ರ ನಂತರ ಇಪ್ಪತ್ತು ವರ್ಷ ಬಿಟ್ಟು ತಂದ ಆಲ್ಬಂ ಎಲ್ಲೂ ನಿಲ್ಲಿಸದೆ ಮುಂದುವರಿಸಿದಂತಿದೆ, 2001ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಕೊಡುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ಪಡೆಯುವವರು ಆ ತಂಡದಲ್ಲಿ ಯಾರನ್ನು ಹಚ್ಚಿಕೊಂಡಿದ್ದರೋ ಆ ವ್ಯಕ್ತಿ ಹೊಸ ಆಲ್ಬಮ್ಮಿನಲ್ಲಿ ಇದ್ದಾರೆಯೇ?

ಈ ಮಾತಿಗೆ ಸೇರಿದಂತೆ ‘ಪಿಂಕ್ ಫ್ಲಾಯ್ಡ್’ ತಂಡದ ‘ದಿ ಎಂಡ್‌ಲೆಸ್ ರಿವರ್’ ಬಗ್ಗೆ ಹೇಳಬೇಕು. 1994ರ ನಂತರ ಇಪ್ಪತ್ತು ವರ್ಷ ಕಳೆದು 2014ರಲ್ಲಿ ಅದು ಬಂತು. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ 2008ರಲ್ಲಿಯೇ ತೀರಿಕೊಂಡಿದ್ದರು. 1993ರ ಸುಮಾರಿಗೆ ಅವರು ನುಡಿಸಿ ಬಿಟ್ಟು ಹೋಗಿದ್ದ ತುಣುಕುಗಳ ಸುತ್ತ ಉಳಿದ ಇಬ್ಬರು ಈ ಆಲ್ಬಮ್ಮನ್ನು ಕಟ್ಟಿದರು. ಕೊನೆಯ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ವಾದ್ಯಸಂಗೀತವೇ. ಹಾಡು ಬೇಕೆನ್ನುವವರಿಗೆ ಇದು ರುಚಿಸಲಿಕ್ಕಿಲ್ಲ. ರೈಟ್ ಅವರನ್ನು ಹಚ್ಚಿಕೊಂಡಿದ್ದವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಪ್ರಶ್ನೆ: ನನ್ನ ಹಾಸ್ಟೆಲ್ ರೂಮ್‌ಮೇಟ್ ‘ಲಿಂಕಿನ್ ಪಾರ್ಕ್’ ಅಭಿಮಾನಿ. ಹಳೆಯ ಗಾಯಕನಿಲ್ಲದ ಹೊಸ ಆಲ್ಬಮ್ಮನ್ನು ಅವನಿಗೆ ಕೊಡಬಹುದೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಚೆಸ್ಟರ್ ಬೆನಿಂಗ್ಟನ್ 2017ರ ಜುಲೈನಲ್ಲಿ ತೀರಿಕೊಂಡ ಮೇಲೆ ತಂಡ ಏಳು ವರ್ಷ ಸುಮ್ಮನಿದ್ದು, 2024ರ ನವೆಂಬರಿನಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯೊಂದಿಗೆ ‘ಫ್ರಂ ಝೀರೋ’ ತಂದಿತು. ಅರ್ಧ ಗಂಟೆಗಿಂತ ತುಸು ಹೆಚ್ಚಿನ ಆಲ್ಬಂ, ಬಿಗಿಯಾಗಿದೆ. ಇದು ನಿಮ್ಮ ಸ್ನೇಹಿತ ಮೊದಲೇ ತೀರ್ಮಾನಿಸಿಕೊಂಡಿರುವ ವಿಷಯ. ಊಟದ ಹೊತ್ತಿನಲ್ಲಿ ಹೊಸ ಗಾಯಕಿಯ ಬಗ್ಗೆ ಒಂದು ಮಾತು ತೆಗೆದು ನೋಡಿ, ಅವನು ಮಾತು ಮುಂದುವರಿಸಿದರೆ ತನ್ನಿ, ಮುಖ ತಿರುಗಿಸಿದರೆ ಬೇಡ.

ಪ್ರಶ್ನೆ: ನಮ್ಮ ದೇಶದಲ್ಲಿ, ಕನ್ನಡದಲ್ಲಿ ಇಂಥ ಮರಳಿ ಬಂದ ತಂಡಗಳಿಲ್ಲವೇ?
– ನಿವೃತ್ತ ಶಿಕ್ಷಕರು, ಚಳ್ಳಕೆರೆ

ಉತ್ತರ: ದೇಶದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಮುಂಬೈನಲ್ಲಿ ‘ರಾಕ್ ಮೆಷಿನ್’ ಎಂದು ಶುರುವಾಗಿ ನಂತರ ‘ಇಂಡಸ್ ಕ್ರೀಡ್’ ಎಂದು ಹೆಸರು ಬದಲಿಸಿಕೊಂಡ ತಂಡ ತೊಂಬತ್ತರ ದಶಕದಲ್ಲಿ ಚದುರಿಹೋಗಿ, 1995ರ ಆಲ್ಬಮ್ಮಿನ ಹದಿನೇಳು ವರ್ಷದ ನಂತರ, 2012ರಲ್ಲಿ ‘ಇವಾಲ್ವ್’ ತಂದಿತು. ದೂರದರ್ಶನದಲ್ಲಿ ಅವರನ್ನು ಕಂಡು ಬೆಳೆದವರಿಗೆ ಅದನ್ನು ಕೊಡಬಹುದು.

ಕನ್ನಡದಲ್ಲಿ ಹಾಡಿನ ದಾರಿಯೇ ಬೇರೆ. ನಮ್ಮಲ್ಲಿ ತಂಡದ ಜಾಗದಲ್ಲಿ ಕವಿ ಮತ್ತು ರಾಗಸಂಯೋಜಕರು ಇದ್ದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆಯನ್ನು ಹೊಕ್ಕಿತು. ಅಲ್ಲಿ ಒಬ್ಬರು ನಿಲ್ಲಿಸಿದ ಹಾಡನ್ನು ಇನ್ನೊಬ್ಬರು ಎತ್ತಿಕೊಂಡು ಹಾಡುತ್ತಲೇ ಬಂದದ್ದರಿಂದ, ನಡುವೆ ಇಪ್ಪತ್ತು ವರ್ಷದ ಮೌನ ಬೀಳಲಿಲ್ಲ. ನಿಮ್ಮ ತಲೆಮಾರಿನ ಸ್ನೇಹಿತರಿಗಾದರೆ ನಾನು ಈ ಮೂಲ ಗಾಯನದ ಪ್ರತಿಯನ್ನೇ ಹುಡುಕಿ ಕೊಡುತ್ತೇನೆ.

ಪ್ರಶ್ನೆ: ಎಲ್ಲ ಹಾಡುಗಳೂ ಫೋನಿನಲ್ಲಿ ಸಿಗುವಾಗ ಡಿಸ್ಕ್ ಏಕೆ ಕೊಡಬೇಕು? ಕೊಡುವುದಾದರೆ ಸಿ.ಡಿ.ಯೇ, ಎಲ್.ಪಿ.ಯೇ?
– ಗೃಹಿಣಿ, ಹಿರಿಯೂರು

ಉತ್ತರ: ಫೋನಿನಲ್ಲಿ ಕೊಂಡಿ ಕಳುಹಿಸುವುದು ‘ಇದನ್ನು ಕೇಳಿ’ ಎಂಬ ಸೂಚನೆಯಾಗುತ್ತದೆ, ಉಡುಗೊರೆಯಾಗುವುದಿಲ್ಲ. ಡಿಸ್ಕಿನ ಜೊತೆ ಹಾಡಿನ ಸಾಹಿತ್ಯ, ನುಡಿಸಿದವರ ಹೆಸರುಗಳು, ಚಿತ್ರಗಳಿರುವ ಕಿರುಪುಸ್ತಕ ಬರುತ್ತದೆ. ಬಹಳ ವರ್ಷದ ನಂತರ ಬಂದ ತಂಡದಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದನ್ನು ಅಭಿಮಾನಿ ಮೊದಲು ಹುಡುಕುವುದು ಆ ಹೆಸರುಗಳ ಪುಟದಲ್ಲಿಯೇ.

ಯಾವ ರೂಪ ಎಂಬುದು ಪಡೆಯುವವರ ಮನೆಯಲ್ಲಿ ಯಾವ ಯಂತ್ರವಿದೆ ಎಂಬುದರ ಮೇಲೆ ನಿಂತಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವಿಲ್ಲ, ಟಿ.ವಿ.ಯ ಕೆಳಗೆ ಧೂಳು ಹಿಡಿದ ಹಳೆಯ ಡಿ.ವಿ.ಡಿ. ಪ್ಲೇಯರ್ ಇದ್ದರೆ ಅದರಲ್ಲಿ ಸಿ.ಡಿ. ಚೆನ್ನಾಗಿ ಓಡುತ್ತದೆ. ಎಲ್.ಪಿ. ನೋಡಲು ಸೊಗಸು, ಆದರೆ ನಮ್ಮ ಬಯಲುಸೀಮೆಯ ಬಿಸಿಲನ್ನೂ ಧೂಳನ್ನೂ ತಡೆಯುವುದಿಲ್ಲ. ಒಂದು ಏಪ್ರಿಲ್‌ನಲ್ಲಿ ನಾನು ತರಿಸಿದ ಎಲ್.ಪಿ.ಯ ಪೆಟ್ಟಿಗೆಯನ್ನು ತಂದವರು ಗೇಟಿನ ಪಕ್ಕ ಬಿಸಿಲಿಗೆ ಒರಗಿಸಿಟ್ಟು ಹೋಗಿದ್ದರು. ಸಂಜೆ ತೆಗೆದು ಹಾಕಿದಾಗ ಪ್ಲೇಟಿನ ಒಂದು ಅಂಚು ಹಪ್ಪಳದಂತೆ ಎದ್ದಿತ್ತು. ಪ್ರತಿ ಸುತ್ತಿಗೂ ಮುಳ್ಳು ಏರಿ ಇಳಿದು, ಹಾಡು ತೂಕಡಿಸಿದಂತೆ ಕೇಳಿಸುತ್ತಿತ್ತು. ಡಿಸೆಂಬರ್ ತಂಪಿನ ಕಾಲವಾದ್ದರಿಂದ ತರಿಸಲು ತೊಂದರೆಯಿಲ್ಲ. ಆದರೆ ಎಲ್.ಪಿ. ಕೊಡುವಾಗ ಅದನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಬೇಕು, ಒಂದರ ಮೇಲೊಂದು ಪೇರಿಸಬಾರದು, ಕಾರಿನಲ್ಲಿ ಬಿಟ್ಟು ಹೋಗಬಾರದು ಎಂದು ಹೇಳಿಯೇ ಕೊಡಿ. ಹೊರದೇಶದಿಂದ ಬರಬೇಕಾದ ಪ್ರತಿಗಳಿಗೆ ವಾರಗಟ್ಟಲೆ ಹಿಡಿಯುತ್ತದೆ, ಸುಂಕವೂ ಸೇರುತ್ತದೆ. ಸಂಕ್ರಾಂತಿಗೆ ಬೇಕೆಂದರೆ ಈಗಲೇ ಹಣ ಕಟ್ಟಿ.

ಹೆಸರು ಬರೆಯಬೇಕೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಮೇಲಿನ ರಕ್ಷಾಕವಚದ ಮೇಲೆ ಬರೆಯಬೇಡಿ. ಒಳಗಿನ ಕಾಗದದ ಲಕೋಟೆಯಿಂದ ಡಿಸ್ಕನ್ನು ಹೊರಗೆ ತೆಗೆದಿಟ್ಟು, ಲಕೋಟೆಯ ಒಂದು ಮೂಲೆಯಲ್ಲಿ ಪೆನ್ಸಿಲಿನಿಂದ ಅವರು ಆ ತಂಡವನ್ನು ಮೊದಲು ಕೇಳಿದ ಊರಿನ ಹೆಸರು, ಆ ವರ್ಷ, ಅದರ ಕೆಳಗೆ ಈ ವರ್ಷ, ಇಷ್ಟನ್ನು ಬರೆದು ಡಿಸ್ಕನ್ನು ಮತ್ತೆ ಒಳಗೆ ಸೇರಿಸಿ.